ಮಾಸಿಗೂ ಒಂದು ಪರೀಕ್ಷೆ

ಹೆರಿಗೆಯಾದ ಮೇಲೆ ಮಾಸು ಬಿದ್ದಿತೆಂದು ಸೂಲಗಿತ್ತಿ ಹೇಳುವ ತನಕ ಮನೆಯ ಹಿರಿಯ ಹೆಂಗಸರಿಗೆ ಸಮಾಧಾನವಿರುತ್ತಿರಲಿಲ್ಲ. ಬಿದ್ದ ಬಳಿಕ, ಒಂಬತ್ತು ತಿಂಗಳು ಕೂಸಿಗೆ ಅನ್ನವನ್ನೂ ಉಸಿರನ್ನೂ ಒದಗಿಸಿದ ಆ ಅಂಗವನ್ನು ಹಿತ್ತಿಲಿನಲ್ಲಿ ಹೂತು ಮರೆತುಬಿಡುತ್ತಿದ್ದರು. ಶಾಸ್ತ್ರವು ಜರಾಯುವೆಂದು ಕರೆಯುವ ಈ ಮಾಸು ಗರ್ಭಾಶಯದಲ್ಲಿ ಬೇರೂರುವ ಬಗೆಯಲ್ಲಿಯೇ ತಾಯಿಗೆ ಮುಂದೆ ಒದಗಬಹುದಾದ ವಿಪತ್ತಿನ ಸೂಚನೆಯುಂಟೆಂಬುದು ಈಚಿನ ತಿಳಿವಳಿಕೆ.

ಬಸಿರಿನ ಮೊದಲ ತಿಂಗಳುಗಳಲ್ಲಿ ಮಾಸಿನ ಜೀವಕೋಶಗಳು ಗರ್ಭಾಶಯದ ಸುರುಳಿ ಧಮನಿಗಳನ್ನು ಹೊಕ್ಕು, ಅವುಗಳ ಗೋಡೆಯ ಸ್ನಾಯುವನ್ನು ಸಡಿಲಿಸಿ, ಇಕ್ಕಟ್ಟಾದ ನಾಳಗಳನ್ನು ವಿಶಾಲವಾದ ಕಾಲುವೆಗಳನ್ನಾಗಿ ಮಾರ್ಪಡಿಸುತ್ತವೆ. ಈ ಕಾರ್ಯ ಅರೆಬರೆಯಾದರೆ ಮಾಸಿಗೆ ರಕ್ತ ಸಾಲದೆ ಕೂಸಿನ ಬೆಳವಣಿಗೆ ಕುಂಠಿತವಾಗಬಹುದು. 20 ವಾರ ಕಳೆದ ಮೇಲೆ ತಾಯಿಯ ರಕ್ತದೊತ್ತಡ ಏರಿ, ನಮ್ಮ ಜನ ಬಸಿರಿನ ನಂಜೆನ್ನುವ ವ್ಯಾಧಿ ತಲೆದೋರಬಹುದು.

ಆ ಕಾರ್ಯ ಸರಿಯಾಗಿ ಸಾಗಿದೆಯೇ ಎಂದು ಅರಿಯಲು, 11ರಿಂದ 13 ವಾರಗಳ ನಡುವೆ ಕೂಸಿನ ಕತ್ತಿನ ಹಿಂಬದಿಯನ್ನು ಅಳೆಯಲು ಮಾಡುವ ಎನ್‌ಟಿ ಸ್ಕ್ಯಾನಿನ ವೇಳೆಯಲ್ಲಿಯೇ ಇನ್ನು ಕೆಲವು ನಿಮಿಷ ವ್ಯಯಿಸಿ, ಗರ್ಭಾಶಯದ ಎರಡು ಬದಿಯ ಧಮನಿಗಳಲ್ಲಿ ಹರಿಯುವ ರಕ್ತದ ವೇಗವನ್ನು ಡಾಪ್ಲರ್ ಸ್ಕ್ಯಾನಿನಿಂದ ಅಳೆಯಬಹುದು. ಪರದೆಯ ಮೇಲೆ ಎದೆಬಡಿತಕ್ಕೊಂದು ಅಲೆ ಏಳುತ್ತದೆ. ನಾಳ ಸಡಿಲಗೊಂಡಿದ್ದರೆ ಆ ಅಲೆ ಸಾವಕಾಶವಾಗಿ ಇಳಿಯುತ್ತದೆ, ಬಿಗಿದಿದ್ದರೆ ಶಿಖರದಿಂದ ಥಟ್ಟನೆ ಕುಸಿಯುತ್ತದೆ. ಕೂಸಿನ ಮುಖಕ್ಕಾಗಿ ಹಂಬಲಿಸಿ ಮಲಗಿರುವ ತಾಯಿಗೆ ಅದು ಬರಿಯ ಗೀರು. ಬಲ್ಲವರಿಗೆ ಅದೊಂದು ಮುನ್ನೆಚ್ಚರಿಕೆ. ಆದರೆ ಅದೊಂದನ್ನೇ ನೆಚ್ಚಿ ನಿರ್ಣಯಿಸುವುದು ಸಲ್ಲದು. ರಕ್ತದೊತ್ತಡ, ವಯಸ್ಸು, ತೂಕ, ಹಿಂದಿನ ಬಸಿರಿನ ವೃತ್ತಾಂತ, ಸಾಧ್ಯವಿದ್ದಲ್ಲಿ ಮಾಸು ಸ್ರವಿಸುವ ಪ್ರೋಟೀನಿನ ರಕ್ತಪರೀಕ್ಷೆ, ಇವೆಲ್ಲವನ್ನೂ ಕೂಡಿಸಿ ತೂಗಬೇಕು.

ಹೀಗೆ ತೂಗಿ ಅಪಾಯ ಹೆಚ್ಚೆಂದು ಕಂಡ 1,776 ಗರ್ಭಿಣಿಯರಲ್ಲಿ ಅರ್ಧದಷ್ಟು ಮಂದಿಗೆ ರಾತ್ರಿ 150 ಮಿಲಿಗ್ರಾಂ ಆಸ್ಪಿರಿನ್ನನ್ನೂ ಉಳಿದವರಿಗೆ ಔಷಧವಿಲ್ಲದ ಮಾತ್ರೆಯನ್ನೂ 36ನೆಯ ವಾರದವರೆಗೆ ಕೊಟ್ಟು ನೋಡಿದ, ಲಂಡನ್ನಿನ ಡಾ. ಕಿಪ್ರೋಸ್ ನಿಕೊಲೈಡಿಸ್ ಅವರ ಮುಂದಾಳುತನದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. 37 ವಾರ ತುಂಬುವ ಮೊದಲೇ ಹೆರಿಗೆ ಮಾಡಿಸಬೇಕಾಗುವಂಥ ನಂಜು ಔಷಧವಿಲ್ಲದವರಲ್ಲಿ ಶೇಕಡಾ 4.3, ಆಸ್ಪಿರಿನ್ ಸೇವಿಸಿದವರಲ್ಲಿ ಶೇಕಡಾ 1.6. ಇಷ್ಟು ಅಗ್ಗದ ಗುಳಿಗೆಯಿಂದ ಇಷ್ಟು ದೊಡ್ಡ ಉಪಕಾರವಾಗುವುದು ವೈದ್ಯದಲ್ಲಿ ಅಪರೂಪವೆಂದೇ ನನ್ನ ಭಾವನೆ.

ಮೂರು ತಿಂಗಳು ತುಂಬುವವರೆಗೆ ಬಸಿರಿನ ಸುದ್ದಿಯನ್ನು ಹೊರಗೆಡಹಬಾರದೆಂಬ ರೂಢಿ ನಮ್ಮ ಎಷ್ಟೋ ಮನೆಗಳಲ್ಲಿದೆ. ಅದರ ಹಿಂದಿರುವ ಭಯವನ್ನು ನಾನು ಹಗುರವಾಗಿ ಕಾಣಲಾರೆ. ನೆಂಟರಿಷ್ಟರಿಗೆ ನಿಧಾನವಾಗಿಯೇ ತಿಳಿಯಲಿ. ವೈದ್ಯರಿಗೆ ಮಾತ್ರ ಮುಟ್ಟು ನಿಂತ ಕೂಡಲೇ ತಿಳಿಸಿರಿ. ಹಿಂದೆ ಸಿಸೇರಿಯನ್ ಆದವರಂತೂ, ಗರ್ಭ ಹಳೆಯ ಹೊಲಿಗೆಯ ಗಾಯದಲ್ಲಿ ನೆಲೆನಿಂತಿಲ್ಲವೆಂಬುದನ್ನು ಮೊದಲ ಸ್ಕ್ಯಾನಿನಲ್ಲಿಯೇ ಕೇಳಿ ತಿಳಿಯಿರಿ. ಆಸ್ಪಿರಿನ್ನನ್ನು ಸ್ವಂತ ನಿರ್ಧಾರದಿಂದ ನುಂಗಬೇಡಿರಿ. ಆದರೆ ಅದು ಬೇಕೆಂದು ವೈದ್ಯರು ಕಂಡಲ್ಲಿ 16ನೆಯ ವಾರಕ್ಕೆ ಮುನ್ನವೇ ಆರಂಭವಾಗಬೇಕು, ಐದನೆಯ ತಿಂಗಳ ಸ್ಕ್ಯಾನಿನ ವೇಳೆಗೆ ಆ ಕಾಲ ಮೀರಿರುತ್ತದೆ.