ಶಾಸನಪಾಠದ ಯಂತ್ರರೂಪವೂ ಊಹಾಪಾಠದ ರಕ್ಷಣೆಯೂ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಶಿಲಾಶಾಸನಗಳಲ್ಲಿ ಸವೆದ ಅಕ್ಷರಗಳನ್ನು ಸಂಪಾದಕನು ಊಹಿಸಿ ತುಂಬಿದಾಗ, ಅವನ್ನು ಚೌಕಕಂಸದಲ್ಲಿ ತೋರಿಸುವುದು ವಿದ್ವತ್ಸಂಪ್ರದಾಯ. ಏಕಾಂತದ ರಾಮಯ್ಯನ ಚರಿತೆಯುಳ್ಳ ಅಬ್ಬಲೂರಿನ ಶಾಸನವನ್ನು ಗಣಕಯಂತ್ರಕ್ಕೆ ಒಪ್ಪಿಸುವುದಾದರೆ, ತುಂಬಿದ ವಾಕ್ಯಗಳನ್ನು ‘ಪಾಠ’ ಎಂಬ ಅಂಕಣದಲ್ಲಿಯೂ, ಊಹಿಸಿದ ಅಕ್ಷರಗಳ ನೆಲೆಯನ್ನು ‘ಊಹಾಸ್ಥಾನ’ ಎಂಬುದರಲ್ಲಿಯೂ ಬರೆಯಬಹುದು.

ಇಂತಹ ದಾಖಲೆಗಳನ್ನು ಒಂದು ಭಂಡಾರದಿಂದ ಇನ್ನೊಂದಕ್ಕೆ ಸಾಗಿಸಲು ಅಪಾಚೆ ಕ್ಯಾಮೆಲ್ ಎಂಬ ಜೋಡಣಾವ್ಯವಸ್ಥೆಯುಂಟು. ಅದು ದಾಖಲೆಯನ್ನು ಜೇಸನ್ ಎಂಬ ಅಕ್ಷರಸರಣಿಯಾಗಿ ಹೊಸೆದು ಕಳುಹಿಸುವುದು. ತಲಪಿದೆಡೆಯಲ್ಲಿ ಅದನ್ನು ಬಿಡಿಸಿ ಅಲ್ಲಿಯ ಮಾದರಿಗೆ ತುಂಬುವುದು. ಈ ಕಾರ್ಯಕ್ಕೆ ಒದಗುವ ಜಾಕ್ಸನ್ ಎಂಬ ಸಾಧನದ 2ನೆಯ ಶ್ರೇಣಿಯು, ಬೇರೆ ಆಜ್ಞೆಯಿಲ್ಲದಿದ್ದರೆ, ಮಾದರಿಯಲ್ಲಿಲ್ಲದ ಅಂಕಣವನ್ನು ಕಂಡೊಡನೆ ಕೆಲಸವನ್ನು ನಿಲ್ಲಿಸುತ್ತದೆ. 3ನೆಯದು ಆ ಅಂಕಣವನ್ನು ಸದ್ದಿಲ್ಲದೆ ಕೈಬಿಟ್ಟು ಮುನ್ನಡೆಯುತ್ತದೆ.

ತಲಪಿದೆಡೆಯ ಮಾದರಿಯಲ್ಲಿ ಊಹಾಸ್ಥಾನವಿಲ್ಲವೆನ್ನೋಣ. ಆಗ ಪಾಠ ಮಾತ್ರ ಉಳಿದು, ಸಂಪಾದಕನ ಊಹೆಯೇ ಕಲ್ಲಿನ ಸಾಕ್ಷ್ಯವೆನಿಸಿಬಿಡುವುದು. ಮುಂದಿನ ಓದುಗನಿಗೆ ಸಂದೇಹಕ್ಕೂ ಆಸ್ಪದವಿರದು. ಆದುದರಿಂದ ಕ್ಯಾಮೆಲ್‌ನ ‘ಎನೇಬಲ್ ಫೀಚರ್ಸ್’ ಎಂಬಲ್ಲಿ ‘ಫೇಲ್ ಆನ್ ಅನ್‌ನೋನ್ ಪ್ರಾಪರ್ಟೀಸ್’ ಎಂಬ ನಿಯಮವನ್ನು ಸ್ಪಷ್ಟವಾಗಿ ಹೆಸರಿಸತಕ್ಕದ್ದು. ನಿಂತ ಕೆಲಸವನ್ನು ಮರಳಿ ನಡೆಸಬಹುದು. ಅಳಿದ ಕಂಸವನ್ನು ಮತ್ತೆ ಹಾಕಬೇಕಾದರೆ ಕಲ್ಲಿನ ಬಳಿಗೇ ಹೋಗಬೇಕಾಗುತ್ತದೆ.