ಮೊಡವೆಯೂ ಆಹಾರವೂ

ಕಲಘಟಗಿ ತಾಲ್ಲೂಕಿನ ದೇವಿಕೊಪ್ಪದಂತಹ ಊರಿನಲ್ಲಿ ಹದಿನೈದು ವರ್ಷದ ಹುಡುಗಿಯ ಮುಖದ ಮೇಲೆ ಮೊಡವೆ ಎದ್ದರೆ ಮನೆಯ ಹಿರಿಯರ ತೀರ್ಪು ಕೂಡಲೆ ಹೊರಬೀಳುತ್ತದೆ: "ಮೈಯಾಗ ಉಷ್ಣ ಆಗೇದ." ಅಂದಿನಿಂದ ಅವಳಿಗೆ ಶೇಂಗಾ ಇಲ್ಲ, ಮಾವಿನಹಣ್ಣು ಇಲ್ಲ, ಮೊಟ್ಟೆ ಇಲ್ಲ, ಎಣ್ಣೆ ಕಲಸಿದ ಚಟ್ನಿಯೂ ಇಲ್ಲ. ಸಕ್ಕರೆ ತುಂಬಿದ ಚಹಾ ಮಾತ್ರ ದಿನಕ್ಕೆ ನಾಲ್ಕು ಬಾರಿ ಎಂದಿನಂತೆ ನಡೆಯುತ್ತದೆ. ಮೈ ಬೆಳೆಯುವ ವಯಸ್ಸಿನಲ್ಲಿ ಹುಡುಗಿ ಬಡಕಲಾಗುತ್ತಾಳೆ, ಮೊಡವೆ ಹೋಗುವುದಿಲ್ಲ. ಆದಕಾರಣ ಆಹಾರಕ್ಕೂ ಮೊಡವೆಗೂ ನಂಟು ಎಷ್ಟು, ಎಲ್ಲಿ, ಎಂದು ವಿಚಾರಿಸುವುದು ಬರಿಯ ಕುತೂಹಲದ ಸಂಗತಿಯಲ್ಲ.

ಚರ್ಮದ ರೋಮಕೂಪಗಳ ಮಗ್ಗುಲಲ್ಲಿ ಜಿಡ್ಡನ್ನು ಸ್ರವಿಸುವ ಪುಟ್ಟ ಗ್ರಂಥಿಗಳುಂಟು. ಪ್ರಾಯ ಬಂದೊಡನೆ ದೇಹದಲ್ಲಿ ಹೆಚ್ಚುವ ಹಾರ್ಮೋನುಗಳು ಇವನ್ನು ಕೆಣಕುತ್ತವೆ. ಜಿಡ್ಡು ಹೆಚ್ಚಿ, ಸತ್ತ ಚರ್ಮಕಣಗಳೊಡನೆ ಸೇರಿ, ಕೂಪದ ಬಾಯಿಯನ್ನು ಕಟ್ಟುತ್ತದೆ. ಅಲ್ಲಿಯೇ ವಾಸಿಸುವ ಬ್ಯಾಕ್ಟೀರಿಯಗಳು ಬೆಳೆದು ಊತವೂ ಕೀವೂ ಆಗುತ್ತವೆ. ತಿಂದ ಎಣ್ಣೆಯೇ ಮುಖಕ್ಕೆ ಬಂದು ಒಸರುವುದೆಂಬ ನಂಬಿಕೆಗೆ ಇಲ್ಲಿ ಸ್ಥಳವಿಲ್ಲ.

ಹಾಗಾದರೆ ಆಹಾರಕ್ಕೆ ಪಾತ್ರವೇ ಇಲ್ಲವೆ? ಇಲ್ಲವೆಂದೇ ವೈದ್ಯರು ಬಹುಕಾಲ ಹೇಳುತ್ತಿದ್ದರು. ೧೯೬೯ರಲ್ಲಿ ಅಮೆರಿಕದಲ್ಲಿ ೬೫ ಜನರಿಗೆ ನಾಲ್ಕು ವಾರ ಚಾಕೊಲೇಟನ್ನೂ, ಮತ್ತೆ ನಾಲ್ಕು ವಾರ ಕೋಕೋ ಇಲ್ಲದ ಅದೇ ಬಗೆಯ ತಿಂಡಿಯನ್ನೂ ಕೊಟ್ಟು ನೋಡಲಾಗಿ, ಮೊಡವೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಆ ಎರಡನೆಯ ತಿಂಡಿಯಲ್ಲಿಯೂ ಸಕ್ಕರೆ, ಕೊಬ್ಬು ಅಷ್ಟೇ ಇದ್ದವು! ಇದು ಬೆಲ್ಲಕ್ಕೂ ಸಕ್ಕರೆಗೂ ಪಂದ್ಯ ಹೂಡಿ, ಸಿಹಿಯಿಂದ ಬಾಧೆಯಿಲ್ಲವೆಂದು ತೀರ್ಮಾನಿಸಿದಂತೆ.

೨೦೦೨ರಲ್ಲಿ ಪ್ರಕಟವಾದ ಒಂದು ವರದಿ ಪ್ರಶ್ನೆಯನ್ನು ಮತ್ತೆ ಎಬ್ಬಿಸಿತು. ಪಪುವಾ ನ್ಯೂಗಿನಿಯ ಕಿಟಾವ ದ್ವೀಪದಲ್ಲಿ ಪರೀಕ್ಷಿಸಿದ ೧೨೦೦ ಜನರಲ್ಲಿ ಒಬ್ಬರಿಗೂ ಮೊಡವೆಯಿರಲಿಲ್ಲ. ಗೆಡ್ಡೆ, ಹಣ್ಣು, ಮೀನು, ತೆಂಗು ಅವರ ಆಹಾರ. ಕುಲಗುಣವೂ ಕಾರಣವಾಗಿರಬಹುದೆಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ೨೦೦೭ರಲ್ಲಿ ಮೆಲ್ಬೋರ್ನಿನವರು ೪೩ ತರುಣರನ್ನು ಎರಡು ಗುಂಪು ಮಾಡಿ, ಒಂದಕ್ಕೆ ರಕ್ತದ ಸಕ್ಕರೆಯನ್ನು ಮೆಲ್ಲನೆ ಏರಿಸುವ ಆಹಾರವನ್ನು ಹನ್ನೆರಡು ವಾರ ಕೊಟ್ಟರು. ಆ ಗುಂಪಿನಲ್ಲಿ ಮೊಡವೆಗಳು ಸರಾಸರಿ ೨೩ಕ್ಕೆ ಮಿಕ್ಕಿ ತಗ್ಗಿದವು, ಇನ್ನೊಂದರಲ್ಲಿ ೧೨. ಅವರ ತೂಕವೂ ಇಳಿದಿತ್ತೆಂಬುದನ್ನು ಮರೆಯತಕ್ಕದ್ದಲ್ಲ. ಸಕ್ಕರೆ ಥಟ್ಟನೆ ಏರಿದಾಗ ದೇಹವು ಇನ್ಸುಲಿನನ್ನು ಹೆಚ್ಚು ಸುರಿಸುತ್ತದೆ. ಅದೂ ಅದರ ಬಂಧುವಾದ ಇನ್ನೊಂದು ಹಾರ್ಮೋನೂ ಸೇರಿ ಜಿಡ್ಡಿನ ಗ್ರಂಥಿಯನ್ನು ಪ್ರಚೋದಿಸುತ್ತವೆ. ಹಾಲು ಹೆಚ್ಚು ಕುಡಿಯುವವರಲ್ಲಿಯೂ ಮೊಡವೆ ತುಸು ಹೆಚ್ಚೆಂದು ಕಂಡಿದೆ. ಆದರೆ ಅಷ್ಟಕ್ಕೇ ಬೆಳೆಯುವ ಮಕ್ಕಳ ಹಾಲನ್ನು ಕಿತ್ತುಕೊಳ್ಳುವುದು ಅವಿವೇಕ. ಹಾಲೂ ಸಕ್ಕರೆಯೂ ಒಂದಾದ ಧಾರವಾಡದ ಪೇಡೆಯ ವಿಷಯವನ್ನು ನಾನು ಎತ್ತುವುದಿಲ್ಲ. ಆ ಊರಿನಲ್ಲಿ ನನಗೆ ಸ್ನೇಹಿತರಿದ್ದಾರೆ.

ಈಗ ದೇವಿಕೊಪ್ಪಕ್ಕೆ ಮರಳೋಣ. ಮಲೆನಾಡಿನ ಸೆರಗಾದ ಆ ಕಡೆ ಭತ್ತದ ಸೀಮೆ. ನವಲಗುಂದದ ಎರೆಹೊಲಗಳಲ್ಲಿ ಜೋಳ, ಕಡಲೆ, ಕುಸುಬೆ. ಪಾಲಿಶ್ ಮಾಡಿದ ಅಕ್ಕಿಯ ಅನ್ನವನ್ನೇ ರಾಶಿ ಉಂಡಾಗ ರಕ್ತದ ಸಕ್ಕರೆ ಬೇಗ ಏರುತ್ತದೆ. ರೊಟ್ಟಿ, ಕಾಳಿನ ಪಲ್ಯ, ಸೊಪ್ಪು, ಶೇಂಗಾ ಚಟ್ನಿ ಕೂಡಿದ ಊಟ ನಿಧಾನವಾಗಿ ಜೀರ್ಣವಾಗುತ್ತದೆ. ಹಿರಿಯರು ಕಿತ್ತುಕೊಂಡ ಶೇಂಗಾ ನಿರಪರಾಧಿ. ಬಿಟ್ಟುಕೊಟ್ಟ ಚಹಾದ ಸಕ್ಕರೆಯನ್ನು ವಿಚಾರಣೆಗೆ ಕರೆಯಬೇಕಾಗಿತ್ತು.

ಹಾಗೆಂದು ರೊಟ್ಟಿಯೊಂದನ್ನೇ ಹೊಗಳುವಂತಿಲ್ಲ. ೧೯೬೦ರಲ್ಲಿ ಹೈದರಾಬಾದಿನ ಗೋಪಾಲನ್ ಮತ್ತು ಶ್ರೀಕಂಠಯ್ಯನವರು, ಜೋಳವನ್ನೇ ನೆಚ್ಚಿ ಬದುಕುವ ದಖ್ಖನಿನ ಬಡವರಲ್ಲಿ ಪೆಲ್ಲಾಗ್ರ ರೋಗವನ್ನು ವಿವರಿಸಿದರು. ಬಿಸಿಲು ತಾಗುವ ಕೈ, ಕಾಲು, ಕೊರಳಿನ ಚರ್ಮ ಕಪ್ಪಾಗಿ ಬಿರಿಯುವ ಈ ರೋಗವು ನಯಾಸಿನ್ ಎಂಬ ಜೀವಸತ್ತ್ವದ ಅಭಾವದಿಂದ ಬರುತ್ತದೆ. ಶೇಂಗಾದಲ್ಲಿ ನಯಾಸಿನ್ ಧಾರಾಳವಾಗಿದೆ. ಉಷ್ಣವೆಂದು ಮೊದಲು ನಿಷೇಧಕ್ಕೆ ಗುರಿಯಾಗುವುದೂ ಅದೇ.

ಆಹಾರವನ್ನು ತಿದ್ದಿಕೊಳ್ಳುವವರು ಒಂದು ವಾರದಲ್ಲಿ ಕನ್ನಡಿ ನೋಡಿ ನಿರಾಶರಾಗಬಾರದು. ಮೆಲ್ಬೋರ್ನಿನ ತರುಣರು ಕಾದದ್ದು ಮೂರು ತಿಂಗಳು. ಕೀವು ತುಂಬಿದ ದಪ್ಪ ಗಂಟುಗಳು ಎದ್ದವರು ಮಾತ್ರ ಅಷ್ಟು ಕಾಯತಕ್ಕದ್ದಲ್ಲ. ಅವು ಮುಖದಲ್ಲಿ ಕುಳಿ ಉಳಿಸಿ ಹೋಗುತ್ತವೆ; ಅದಕ್ಕೆ ಮುನ್ನವೇ ಚರ್ಮವೈದ್ಯರನ್ನು ಕಾಣಬೇಕು. ಊಟದ ಪಥ್ಯವನ್ನು ಅದರ ಜೊತೆಗೆ ನಡೆಸಬಹುದು.