ಎಡಕ್ಕೆ ಸುತ್ತುವ ಪದ

ಗುಡಿಯಲ್ಲಿ ಮಕ್ಕಳು ಗೊತ್ತಿಲ್ಲದೆ ಎಡಕ್ಕೆ ಸುತ್ತು ಹಾಕಲು ಹೊರಟರೆ ಅಜ್ಜಿಯಂದಿರು ರಟ್ಟೆ ಹಿಡಿದು ತಿರುಗಿಸುತ್ತಾರೆ. ಅಪ್ರದಕ್ಷಿಣೆ ಶವಸಂಸ್ಕಾರಕ್ಕೆ ಮಾತ್ರ ಎಂಬುದು ನಂಬಿಕೆ. ಈ ಉಲ್ಟಾ ಸುತ್ತಿಗೆ ಇಂಗ್ಲಿಷಿನಲ್ಲೊಂದು ಕ್ರಿಯಾವಿಶೇಷಣವೇ ಇದೆ: ‘ವಿಡ್ಡರ್‌ಶಿನ್ಸ್’. ಇಂಗ್ಲಿಷರ ಬಾಯಲ್ಲೂ ಈಗ ಅಪರೂಪ. ಮಾಟಮಂತ್ರದ ಕಥೆಗಳಲ್ಲಷ್ಟೇ ಕಣ್ಣಿಗೆ ಬೀಳುತ್ತದೆ.

ಪದ ಹುಟ್ಟಿದ್ದು ಜರ್ಮನ್ ಮೂಲದಿಂದ. ‘ವಿಡರ್’ ಎಂದರೆ ವಿರುದ್ಧ, ‘ಸಿನ್’ ಎಂದರೆ ದಿಕ್ಕು. ಸ್ಕಾಟ್ಲೆಂಡಿನ ಕವಿ ಗ್ಯಾವಿನ್ ಡಗ್ಲಸ್ 1513ರಲ್ಲಿ ಮುಗಿಸಿದ ವರ್ಜಿಲ್ ಕಾವ್ಯದ ಅನುವಾದದಲ್ಲಿ ಇದು ಹೆದರಿಕೆಯಿಂದ ಕೂದಲು ನಿಮಿರುವುದಕ್ಕೆ ಬಳಕೆಯಾಗಿದೆ. ಸುತ್ತುವ ಮಾತೇ ಅಲ್ಲಿಲ್ಲ! ಪದದ ಬಾಲ ಸ್ಕಾಟ್ ಜನರ ಕಿವಿಗೆ ‘ಸೂರ್ಯ’ ಎಂಬಂತೆ ಕೇಳಿಸಿದ್ದರಿಂದ, ಸೂರ್ಯನಿಗೆ ಎದುರಾಗಿ ಸುತ್ತುವುದು ಎಂಬ ಅರ್ಥ ಗಟ್ಟಿಯಾಯಿತು. ಉತ್ತರದ ಆ ನಾಡುಗಳಲ್ಲಿ ದಕ್ಷಿಣಕ್ಕೆ ಮುಖಮಾಡಿ ನಿಂತರೆ ಸೂರ್ಯ ಎಡದಿಂದ ಬಲಕ್ಕೆ ಸಾಗುತ್ತಾನೆ. ಗಡಿಯಾರದ ಮುಳ್ಳೂ ಅದೇ ದಾರಿ ಹಿಡಿದಿದೆ.

ಈ ಪದ ಕೋರ್ಟನ್ನೂ ಏರಿತ್ತು. ಸ್ಕಾಟ್ಲೆಂಡಿನ ದೊರೆ ಆರನೇ ಜೇಮ್ಸ್ 1590ರಲ್ಲಿ ಡೆನ್ಮಾರ್ಕಿನಿಂದ ಮಡದಿಯನ್ನು ಕರೆತರುವಾಗ ಸಮುದ್ರದಲ್ಲಿ ಬಿರುಗಾಳಿಯ ಕಾಟ. ಅದು ಮಾಟಗಾತಿಯರ ಕೆಲಸವೆಂದು ನಾರ್ತ್ ಬರ್ವಿಕ್ ಸುತ್ತಮುತ್ತಲಿನ ಹಲವರನ್ನು ಹಿಡಿದರು. ಆಗ್ನೆಸ್ ಸ್ಯಾಂಪ್ಸನ್ ಎಂಬ ಸೂಲಗಿತ್ತಿಯನ್ನು ದೊರೆಯೇ ವಿಚಾರಿಸಿದ. ಚಿತ್ರಹಿಂಸೆಯ ನಂತರ ಬಂದ ತಪ್ಪೊಪ್ಪಿಗೆಯಲ್ಲಿ, ಚರ್ಚಿನ ಅಂಗಳದಲ್ಲಿ ‘ವಿಡ್ಡರ್‌ಶಿನ್ಸ್’ ಸುತ್ತಿ ಕುಣಿದರೆಂಬ ಮಾತೂ ಇದೆ. 1591ರಲ್ಲಿ ಆಕೆಯ ಕತ್ತು ಬಿಗಿದು ಕೊಂದು ಸುಟ್ಟರು. ಯಾವ ಕಡೆಗೆ ಸುತ್ತಿದಳು ಎಂಬುದೂ ಒಬ್ಬಳ ಮೇಲಿನ ಆರೋಪಕ್ಕೆ ಸೇರಬಹುದಾದ ಕಾಲವದು.

ಕಥೆಗಳಲ್ಲೂ ಅದೇ ಭಯ. ಜೋಸೆಫ್ ಜೇಕಬ್ಸ್ 1890ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಜನಪದ ಕಥೆಗಳಲ್ಲಿ ಚೆಂಡು ಹುಡುಕುತ್ತ ಚರ್ಚನ್ನು ಎಡಕ್ಕೆ ಸುತ್ತಿದ ಹುಡುಗಿ ಯಕ್ಷಲೋಕದ ಪಾಲಾಗುತ್ತಾಳೆ.

ಇನ್ನು ಇದರ ಎದುರು ಪದ. ಬಲಕ್ಕೆ ಸುತ್ತುವುದಕ್ಕೆ ಸ್ಕಾಟ್ಲೆಂಡಿನ ಗೇಲಿಕ್ ನುಡಿಯಿಂದ ಬಂದದ್ದು ‘ಡೀಸಿಲ್’ (ಲಾರಿಗೆ ತುಂಬಿಸುವ ಡೀಸೆಲ್ಲಿಗೂ ಇದಕ್ಕೂ ಸಂಬಂಧವಿಲ್ಲ). ಅದರ ಮೂಲ ‘ಜೆಸ್’. ಅರ್ಥ ಬಲಗಡೆ, ದಕ್ಷಿಣ ದಿಕ್ಕು ಎರಡೂ. ಸಂಸ್ಕೃತದ ‘ದಕ್ಷಿಣ’ಕ್ಕೂ ಅವೆರಡೇ ಅರ್ಥ. ಮೂಡಣಕ್ಕೆ ಮುಖಮಾಡಿ ನಿಂತವನಿಗೆ ಬಲಗೈ ಇರುವುದು ತೆಂಕಣಕ್ಕಲ್ಲವೆ? ಇದು ಕಾಕತಾಳೀಯವಲ್ಲ. ಲ್ಯಾಟಿನ್ನಿನ ‘ಡೆಕ್ಸ್‌ಟರ್’ ಸೇರಿದಂತೆ ಮೂರೂ ಒಂದೇ ಬೇರಿನ ಪದಗಳೆಂದು ಭಾಷಾವಿಜ್ಞಾನಿಗಳು ಗುರುತಿಸಿದ್ದಾರೆ. ನಮ್ಮ ಪ್ರದಕ್ಷಿಣೆಯ ನಡುವೆ ಕೂತಿರುವುದೂ ಅದೇ ಪದ.